ಹುಷಾರಿಲ್ಲ ಅಂದರೆ ಪ್ರಜ್ಞೆ ಇಲ್ಲ ಅಂತಲಾ? ಇರಾನಿನ ಐಸಿಯು ನರ್ಸುಗಳ ಪ್ರಶ್ನಾವಳಿಯ ಹಿಂದಿನ ಜಗಳ

ಐಸಿಯು ನರ್ಸುಗಳಿಗೆ ಯಾವ ತರಬೇತಿ ಬೇಕು ಎಂದು ಅಳೆಯುವ ಪ್ರಶ್ನಾವಳಿಯ ಪರ್ಷಿಯನ್ ಆವೃತ್ತಿ ಸಿಂಧು (ಅಳೆಯಬೇಕಾದದ್ದನ್ನೇ ಅಳೆಯುತ್ತದೆ), ವಿಶ್ವಾಸಾರ್ಹ (ಅದರ ಅಂಕಗಳನ್ನು ನಂಬಬಹುದು). ಇರಾನಿನ ನರ್ಸಿಂಗ್ ಸಂಶೋಧನೆಯ ಕಡೆಯಿಂದ ಈ ಬಗೆಯ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಓದಿದವರು ತಲೆ ಕೆರೆದುಕೊಳ್ಳುತ್ತಾರೆ. ಪ್ರಶ್ನಾವಳಿ ಅಂದರೆ ಒಂದಿಷ್ಟು ಪ್ರಶ್ನೆ ತಾನೇ? ಇಂಗ್ಲಿಷಿನಲ್ಲಿದ್ದದ್ದನ್ನು ಪರ್ಷಿಯನ್ನಿಗೆ ತಂದರೆ ಆಯಿತು, ಅದಕ್ಕೆ ನೂರಾರು ನರ್ಸುಗಳನ್ನು ಕೂರಿಸಿ, ಪರಿಣತರನ್ನು ಕರೆಸಿ, ತಿಂಗಳುಗಟ್ಟಲೆ ಅಂಕಿ ಅರೆಯೋದು ಯಾಕೆ? ಇನ್ನು ಕೆಲವರದು ಇದಕ್ಕೆ ಉಲ್ಟಾ. ಸಿಂಧು ಎಂದು ಸಾಬೀತಾದ ಮೇಲೆ ಮುಗಿಯಿತಲ್ಲ, ಇನ್ನು ಬಳಸೋದೊಂದೇ ಬಾಕಿ ಅನ್ನುತ್ತಾರೆ.

ಇಬ್ಬರೂ ಅರ್ಧ ತಪ್ಪು. ಮೊದಲನೆಯವರು ಅನುವಾದವನ್ನು ತೀರಾ ಸುಲಭ ಅಂದುಕೊಂಡಿದ್ದಾರೆ. ಎರಡನೆಯವರು 'ಸಿಂಧು' ಎಂಬ ಪದವನ್ನು ತೂಕದ ಬಟ್ಟಿನ ಮೇಲಿರುವ ಸರ್ಕಾರಿ ಮುದ್ರೆಯ ಹಾಗೆ ಓದುತ್ತಿದ್ದಾರೆ. ಈ ಎರಡೂ ತಪ್ಪು ಸೇರಿದರೆ ಕೊನೆಗೆ ಅದರ ಭಾರ ಬೀಳುವುದು ರಾತ್ರಿ ಪಾಳಿಯಲ್ಲಿರುವ ನರ್ಸಿನ ಹೆಗಲ ಮೇಲೆ. ಅದು ಹೇಗೆ ಅಂತ ನಿಧಾನವಾಗಿ ನೋಡೋಣ.

ಮೊದಲು ಭಾಷೆಯ ಮಾತು

ಕನ್ನಡದ ಒಂದು ಉದಾಹರಣೆ ತಗೊಳ್ಳಿ. ಮೈಸೂರು ಕಡೆ ಜ್ವರ ಬಂದರೆ 'ಹುಷಾರಿಲ್ಲ' ಅನ್ನುತ್ತೇವೆ. ಧಾರವಾಡ ಕಡೆ 'ಆರಾಮಿಲ್ಲ' ಅನ್ನುತ್ತಾರೆ. ಎರಡೂ ಪದ ನಮಗೆ ಬಂದದ್ದು ಪರ್ಷಿಯನ್ ಮೂಲದಿಂದ. ಆದರೆ ಟೆಹರಾನಿನ ಐಸಿಯುನಲ್ಲಿ 'ಹೋಶ್ಯಾರಿ' ಅಂದರೆ ಪ್ರಜ್ಞೆ. ರೋಗಿಯ ಕಣ್ಣು ತೆರೆಯುತ್ತಿದೆಯೇ, ಕರೆದರೆ ಓಗೊಡುತ್ತಾನೆಯೇ ಎಂದು ನೋಡಿ ಅಂಕ ಹಾಕುತ್ತಾರಲ್ಲ, ಅದಕ್ಕೆ 'ಸತ್ಹೆ ಹೋಶ್ಯಾರಿ', ಅಂದರೆ ಪ್ರಜ್ಞೆಯ ಮಟ್ಟ ಎಂದು ಹೆಸರು. 'ಆರಾಮ್‌ಬಖ್ಶ್' ಅಂದರೆ ರೋಗಿಯನ್ನು ಮಂಪರಿನಲ್ಲಿಡುವ ಔಷಧಿ. ನಮ್ಮಲ್ಲಿ ನೆಗಡಿಯಾದವನಿಗೂ ಹುಷಾರಿರೋದಿಲ್ಲ. ಅಲ್ಲಿ ಹುಷಾರಿಲ್ಲದವನು ವೆಂಟಿಲೇಟರ್ ಮೇಲಿರಬಹುದು.

ಪದ ಒಂದೇ, ಬೇರು ಒಂದೇ, ಓದಿದವರ ತಲೆಯಲ್ಲಿ ಮೂಡುವ ಚಿತ್ರ ಮಾತ್ರ ಬೇರೆ. ಪ್ರಶ್ನಾವಳಿಯಲ್ಲಿ ಆಗುವ ಅನಾಹುತ ಇದೇ. ಮಾತುಕತೆಯಲ್ಲಾದರೆ ಎದುರಿಗಿದ್ದವರು 'ಹಾಗಂದ್ರೆ?' ಎಂದು ಕೇಳುತ್ತಾರೆ. ಕಾಗದದ ಮೇಲಿನ ಪ್ರಶ್ನೆಗೆ ಹಾಗೆ ಕೇಳೋಕೆ ಆಗುವುದಿಲ್ಲ. ತನಗೆ ತೋಚಿದ ಅರ್ಥಕ್ಕೆ ಒಂದು ಅಂಕಿ ಸುತ್ತಿ ಮುಂದೆ ಹೋಗುತ್ತಾರೆ. ಆ ಅಂಕಿಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಯಾರು ಯಾವ ಅರ್ಥದಲ್ಲಿ ಬರೆದರು ಅನ್ನೋದು ಯಾರಿಗೂ ಗೊತ್ತಾಗುವುದಿಲ್ಲ.

ಈ ಪ್ರಶ್ನಾವಳಿ ಕೇಳೋದು ಏನನ್ನು?

ನರ್ಸುಗಳ ತರಬೇತಿ ಅಗತ್ಯ ಅಳೆಯುವ ಸಾಧನಗಳಲ್ಲಿ ತುಂಬಾ ಓಡಾಡಿರುವುದು ಹೆನೆಸಿ-ಹಿಕ್ಸ್ ಪ್ರಶ್ನಾವಳಿ. ಡೆಬೊರಾ ಹೆನೆಸಿ ಮತ್ತು ಕ್ಯಾರೊಲಿನ್ ಹಿಕ್ಸ್ ಇದನ್ನು 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪಿಸಿದರು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಬಳಕೆಗೆ ತಗೊಂಡಿತು. ಇಂಡೊನೇಷ್ಯಾ, ಗ್ರೀಸ್ ಹೀಗೆ ಬೇರೆ ಬೇರೆ ಕಡೆ ಸುತ್ತಿ ಬಂದಿದೆ. ಎಲ್ಲ ಪ್ರಶ್ನಾವಳಿಗಳೂ ಇದರ ಹಾಗೇ ಇರುವುದಿಲ್ಲ ನಿಜ, ಆದರೆ ವಿಷಯ ಅರ್ಥವಾಗೋಕೆ ಇದು ಒಳ್ಳೆಯ ಮಾದರಿ.

ಇದರಲ್ಲಿ 30 ಕೆಲಸಗಳ ಪಟ್ಟಿ ಇದೆ. ಪ್ರತಿ ಕೆಲಸಕ್ಕೂ ನರ್ಸ್ ಎರಡು ಸಲ 1ರಿಂದ 7ರವರೆಗೆ ಅಂಕ ಕೊಡಬೇಕು. ನಿಮ್ಮ ಕೆಲಸಕ್ಕೆ ಇದು ಎಷ್ಟು ಮುಖ್ಯ? ಈಗ ನೀವು ಇದನ್ನು ಎಷ್ಟು ಚೆನ್ನಾಗಿ ಮಾಡುತ್ತೀರಿ? ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ ತರಬೇತಿಯ ಅಗತ್ಯ. ಮುಖ್ಯತೆಗೆ 7 ಕೊಟ್ಟು ಸಾಮರ್ಥ್ಯಕ್ಕೆ 4 ಕೊಟ್ಟರೆ ಅಂತರ 3. ಅಂತರ ದೊಡ್ಡದಿದ್ದ ಕಡೆ ತರಬೇತಿ ಕೊಡಿ. ಇಷ್ಟೇ ಲೆಕ್ಕ. ಅಂಗಡಿಯ ಸ್ಟಾಕ್ ಪುಸ್ತಕದಷ್ಟು ಸರಳ.

ಸರಳವಾಗಿರುವುದಕ್ಕೇ ಇದು ಇಷ್ಟು ದೂರ ಹೋಗಿದೆ. ಆದರೆ ಒಂದು ಮಾತು ಮರೆಯಬಾರದು. ಮೂಲ ಸಾಧನ ಹುಟ್ಟಿದ್ದು ಪ್ರಾಥಮಿಕ ಆರೋಗ್ಯ ಸೇವೆಯವರಿಗಾಗಿ, ಅಂದರೆ ಮನೆಗಳಿಗೆ, ಸಣ್ಣ ಕ್ಲಿನಿಕ್ಕುಗಳಿಗೆ ಓಡಾಡುವವರಿಗಾಗಿ. ಅದನ್ನು ಐಸಿಯುಗೆ ತಂದಾಗ ಪಟ್ಟಿಯ ಒಂದೊಂದು ಸಾಲೂ ಬೇರೆಯೇ ಕಾಣಿಸುತ್ತದೆ. ರೋಗಿಯ ಜೊತೆ ಮುಖಾಮುಖಿ ಮಾತಾಡುವುದು ಅಂತ ಒಂದು ಕೆಲಸ ಇದೆ. ಬಾಯಲ್ಲಿ ಕೊಳವೆ ಇರುವ ರೋಗಿಯ ಜೊತೆ ಮಾತಾಡೋದು ಅಂದರೆ ಏನು? ಕಣ್ಣು ಮಿಟುಕಿಸಿ ಅನ್ನೋದು, ಅಕ್ಷರದ ಹಲಗೆ ಹಿಡಿಯೋದು, ಕೈ ಹಿಡಿದು ಒತ್ತಿ ಅನ್ನೋದು, ಇದೆಲ್ಲ ಬೇರೆಯದೇ ಕೌಶಲ. ತಾಂತ್ರಿಕ ಉಪಕರಣ ಬಳಸುವುದು ಅಂತ ಇನ್ನೊಂದು ಸಾಲು. ಕ್ಲಿನಿಕ್ಕಿನ ನರ್ಸಿಗೆ ಅದು ಬಿಪಿ ಮಿಷಿನ್ ಇರಬಹುದು. ಐಸಿಯುನಲ್ಲಿ ವೆಂಟಿಲೇಟರ್, ಮಾನಿಟರ್, ಇನ್ಫ್ಯೂಷನ್ ಪಂಪ್, ಡಿಫಿಬ್ರಿಲೇಟರ್ ಎಲ್ಲಾ ಅದೊಂದೇ ಸಾಲಿನೊಳಗೆ ತುರುಕಿಕೊಂಡು ಕೂರಬೇಕು. 'ನಿಮಗೆ ಉಪಕರಣ ಬಳಕೆಯಲ್ಲಿ ತರಬೇತಿ ಬೇಕು' ಎಂದು ಫಲಿತಾಂಶ ಬಂದರೆ ಯಾವುದರಲ್ಲಿ ಅಂತ ಮತ್ತೆ ಹೋಗಿ ಕೇಳಬೇಕು.

ಇನ್ನು ಪಟ್ಟಿಯಲ್ಲೇ ಇಲ್ಲದ್ದೂ ಇದೆ. ಮಿದುಳು ಸತ್ತ ರೋಗಿಗಳ ಅಂಗಾಂಗ ಕಸಿಗೆ ಇರಾನಿನ ಸಂಸತ್ತು 2000ರಲ್ಲೇ ಕಾನೂನು ಮಾಡಿತು. ಮಗನ ಎದೆ ಇನ್ನೂ ಏರಿಳಿಯುತ್ತಿದೆ, ಮಾನಿಟರಿನಲ್ಲಿ ಗೆರೆ ಓಡುತ್ತಿದೆ, ಆದರೂ ಅವನು ಸತ್ತಿದ್ದಾನೆ ಅಂತ ತಾಯಿಗೆ ಅರ್ಥ ಮಾಡಿಸುವ ಹೊತ್ತಿನಲ್ಲಿ ಹಾಸಿಗೆ ಪಕ್ಕ ಇರೋದು ನರ್ಸ್. 'ರೋಗಿಗೂ ಮನೆಯವರಿಗೂ ಮಾಹಿತಿ ಕೊಡುವುದು' ಎಂಬ ಸಾಮಾನ್ಯ ಸಾಲು ಇದನ್ನು ಹಿಡಿಯುತ್ತದೆಯೇ? ನನಗಂತೂ ಅನುಮಾನ.

ಹೋಗಿ ಬರುವ ಅನುವಾದ

ಅನುವಾದಕ್ಕೆ ಒಂದು ಒಪ್ಪಿತ ದಾರಿ ಇದೆ. ಇಬ್ಬರು ಬೇರೆ ಬೇರೆ ಕೂತು ಇಂಗ್ಲಿಷಿನಿಂದ ಪರ್ಷಿಯನ್ನಿಗೆ ತರುತ್ತಾರೆ. ಎರಡನ್ನೂ ಸೇರಿಸಿ ಒಂದು ಮಾಡುತ್ತಾರೆ. ಮೂಲವನ್ನು ನೋಡಿರದ ಮತ್ತೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ತರುತ್ತಾರೆ. ಮೂಲಕ್ಕೂ ವಾಪಸ್ ಬಂದದ್ದಕ್ಕೂ ತಾಳೆ ನೋಡುತ್ತಾರೆ. ಅರ್ಥ ಜಾರಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ ಅನ್ನೋದು ನಂಬಿಕೆ.

ಅರ್ಧ ಸತ್ಯ. ವಾಪಸ್ ಅನುವಾದದಲ್ಲಿ ಚೆನ್ನಾಗಿ ಪಾಸಾಗುವುದು ಪದಕ್ಕೆ ಪದ ಇಟ್ಟ ಅನುವಾದವೇ! 'ಆಡಿಟ್' ಅನ್ನೋ ಪದ ನೋಡಿ. ಬ್ರಿಟನ್ನಿನ ನರ್ಸಿಗೆ ಆಡಿಟ್ ಅಂದರೆ ನಾವು ಮಾಡುತ್ತಿರುವ ಆರೈಕೆ ನಿಗದಿತ ಮಟ್ಟಕ್ಕಿದೆಯೇ ಎಂದು ನಾವೇ ನೋಡಿಕೊಳ್ಳುವ ಕೆಲಸ. ಪರ್ಷಿಯನ್ನಿನಲ್ಲಿ ಇದಕ್ಕೆ 'ಮೊಮಯ್ಯೆಜಿ' ಎಂಬ ಪದ ಇದೆ. ಸರಿಯಾದ ಪದವೇ. ಆದರೆ ಇರಾನಿನಲ್ಲಿ ತೆರಿಗೆ ಅಧಿಕಾರಿ ಲೆಕ್ಕ ಕೆದಕುವುದಕ್ಕೂ ಅದೇ ಮಾತು, ಪುಸ್ತಕ ಅಚ್ಚಾಗುವ ಮುಂಚೆ ಸರ್ಕಾರ ಕತ್ತರಿ ಆಡಿಸುವುದಕ್ಕೂ ಅದೇ ಮಾತು. ವಾಪಸ್ ಅನುವಾದಕರು ಇದನ್ನು ಸಲೀಸಾಗಿ 'ಆಡಿಟ್' ಎಂದು ಬರೆಯುತ್ತಾರೆ. ತಾಳೆ ನೂರಕ್ಕೆ ನೂರು. ಪ್ರಶ್ನೆ ಓದಿದ ನರ್ಸಿನ ಮನಸ್ಸಿಗೆ ಬಂದದ್ದು ಏನು ಅನ್ನೋದು ಆ ತಾಳೆಯಲ್ಲಿ ಕಾಣುವುದೇ ಇಲ್ಲ.

ಅದನ್ನು ಹಿಡಿಯೋಕೆ ಬೇರೆ ಉಪಾಯ ಬೇಕು. ಕೆಲವು ನರ್ಸುಗಳನ್ನು ಕೂರಿಸಿಕೊಂಡು, ಒಂದೊಂದು ಪ್ರಶ್ನೆ ಓದಿಸಿ, ನಿಮಗೆ ಇದರಿಂದ ಏನು ಅರ್ಥವಾಯಿತು, ಈ ಅಂಕಿ ಯಾಕೆ ಸುತ್ತಿದಿರಿ ಎಂದು ಬಾಯಿ ಬಿಟ್ಟು ಹೇಳಿಸಬೇಕು. ಖರ್ಚಿಲ್ಲದ ಕೆಲಸ, ಆದರೆ ತಾಳ್ಮೆ ಬೇಕು. ಇಂಥ ಸುದ್ದಿ ಕಂಡರೆ ಮೊದಲು ಹುಡುಕಬೇಕಾದದ್ದು ಈ ಹಂತ ಮಾಡಿದ್ದಾರಾ ಅನ್ನೋದನ್ನು.

ಇನ್ನೊಬ್ಬರು 'ಬೇಡ' ಅಂದರೆ ಪ್ರಶ್ನೆ ಔಟ್

ಮುಂದಿನದು ಪರಿಣತರ ಸರದಿ. ನರ್ಸಿಂಗ್ ಪ್ರಾಧ್ಯಾಪಕರು, ಐಸಿಯು ಅನುಭವಿಗಳು, ಕೆಲವೊಮ್ಮೆ ವೈದ್ಯರು. ಪ್ರತಿ ಪ್ರಶ್ನೆ ಅತ್ಯಗತ್ಯವೇ, ಉಪಯುಕ್ತ ಆದರೆ ಅತ್ಯಗತ್ಯವಲ್ಲವೇ, ಬೇಡವೇ ಎಂದು ಅವರು ಹೇಳಬೇಕು. ಇದನ್ನು ಅಂಕಿಗೆ ಇಳಿಸಲು ಲಾಶೆ ಎಂಬ ಮನಶ್ಶಾಸ್ತ್ರಜ್ಞ 1975ರಲ್ಲಿ ಒಂದು ಸೂತ್ರ ಕೊಟ್ಟ. 'ಅತ್ಯಗತ್ಯ' ಅಂದವರ ಸಂಖ್ಯೆಯಿಂದ ಒಟ್ಟು ಪರಿಣತರ ಅರ್ಧವನ್ನು ಕಳೆದು, ಬಂದದ್ದನ್ನು ಅದೇ ಅರ್ಧದಿಂದ ಭಾಗಿಸುವುದು. ಹತ್ತು ಜನ ಇದ್ದರೆ ಕನಿಷ್ಠ 0.62 ಬರಬೇಕು ಎಂದು ಅವನ ಕೋಷ್ಟಕ ಹೇಳುತ್ತದೆ.

ಹತ್ತರಲ್ಲಿ ಒಂಬತ್ತು ಜನ ಹೂಂ ಅಂದರೆ 0.80, ಪಾಸು. ಎಂಟು ಜನ ಹೂಂ ಅಂದರೆ 0.60, ಫೇಲು. ಅಂದರೆ ಒಬ್ಬರ ಅಭಿಪ್ರಾಯದಿಂದ ಒಂದು ಪ್ರಶ್ನೆ ಉಳಿಯುತ್ತದೆ ಅಥವಾ ಹೋಗುತ್ತದೆ. ಆ ಒಬ್ಬರು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವ ಪ್ರೊಫೆಸರ್ ಇರಬಹುದು, ನಿನ್ನೆ ರಾತ್ರಿ ಪಾಳಿ ಮುಗಿಸಿ ಬಂದ 'ಸರ್‌ಪರಸ್ತಾರ್' ಇರಬಹುದು. ನರ್ಸಿಗೆ ಪರ್ಷಿಯನ್ನಿನಲ್ಲಿ 'ಪರಸ್ತಾರ್', ಹೆಡ್ ನರ್ಸಿಗೆ ಸರ್‌ಪರಸ್ತಾರ್. ನಮ್ಮ ಸರ್ಕಾರ, ಸರದಾರ ಪದಗಳಲ್ಲಿರುವ ಅದೇ 'ಸರ್'. ಇಬ್ಬರಿಗೂ ಒಂದೇ ವೋಟು. ಆದರೆ ಸಮಿತಿಯಲ್ಲಿ ಪ್ರೊಫೆಸರುಗಳೇ ಜಾಸ್ತಿ ಇದ್ದರೆ ಸಂಶೋಧನೆ ಓದುವುದು, ವರದಿ ಬರೆಯುವುದು ಇಂಥ ಪ್ರಶ್ನೆಗಳು ಸುಲಭವಾಗಿ ಉಳಿದುಕೊಳ್ಳುತ್ತವೆ. ಮೂಲ ಪಟ್ಟಿಯಲ್ಲಿ ಮೊದಲೇ ಸಂಶೋಧನೆಯ ಸಾಲುಗಳು ಧಾರಾಳವಾಗಿವೆ. ಹಾಸಿಗೆ ಹುಣ್ಣು ಆಗದ ಹಾಗೆ ರೋಗಿಯನ್ನು ಹೊರಳಿಸುವುದು, ಗಂಟಲಿನ ಕಫ ಎಳೆಯುವುದು, ರಕ್ತದ ಆಮ್ಲಜನಕದ ರಿಪೋರ್ಟ್ ಓದುವುದು, ಇವುಗಳ ಪರ ಮಾತಾಡೋಕೆ ಸಮಿತಿಯಲ್ಲಿ ಎಷ್ಟು ಜನ ಇದ್ದರು ಎಂದು ಕೇಳೋದು ಕುಹಕ ಅಲ್ಲ, ನ್ಯಾಯವಾದ ಪ್ರಶ್ನೆ.

ಆಲ್ಫಾ ಎಂಬ ಮಾಯೆ

ಸುದ್ದಿಯಲ್ಲಿ ಎದ್ದು ಕಾಣುವ ಅಂಕಿ ಇದು. ಕ್ರಾನ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞ 1951ರಲ್ಲಿ ಕೊಟ್ಟ ಆಲ್ಫಾ. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡು ಹೋಗುತ್ತವೆ ಎಂದು ಹೇಳುತ್ತದೆ. 0.7 ದಾಟಿದರೆ ಸಾಕು ಅನ್ನೋದು ರೂಢಿ. 0.9 ಬಂತು ಎಂದರೆ ಎಲ್ಲರಿಗೂ ಖುಷಿ.

ಖುಷಿಪಡುವ ಮುಂಚೆ ಒಂದು ಲೆಕ್ಕ ಮಾಡಿ. ಪ್ರಶ್ನೆಗಳ ನಡುವಿನ ಸರಾಸರಿ ಸಂಬಂಧ (0 ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ಹೊಂದಿಕೆ) 0.25 ಇದೆ ಅಂದುಕೊಳ್ಳಿ. ಇದೇನೂ ಗಟ್ಟಿ ಸಂಬಂಧ ಅಲ್ಲ, ಸುಮಾರಿನದು. ಇಂಥ 5 ಪ್ರಶ್ನೆ ಇದ್ದರೆ ಆಲ್ಫಾ ಸುಮಾರು 0.63, ಅಂದರೆ ಫೇಲು. ಅದೇ ಸುಮಾರಿನ ಸಂಬಂಧದ 30 ಪ್ರಶ್ನೆ ಇದ್ದರೆ ಆಲ್ಫಾ 0.91! ಪ್ರಶ್ನೆಗಳು ಒಂಚೂರೂ ಸುಧಾರಿಸಲಿಲ್ಲ, ಸಂಖ್ಯೆ ಮಾತ್ರ ಹೆಚ್ಚಾಯಿತು. ಹಾಗಾಗಿ 30 ಸಾಲಿನ ಪ್ರಶ್ನಾವಳಿಗೆ ದೊಡ್ಡ ಆಲ್ಫಾ ಬರುವುದರಲ್ಲಿ ಹೆಚ್ಚುಗಾರಿಕೆ ಏನಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮುಖ್ಯತೆಯ ಅಂಕಗಳಿಗೆ ಒಂದು ಆಲ್ಫಾ, ಸಾಮರ್ಥ್ಯದ ಅಂಕಗಳಿಗೆ ಒಂದು ಆಲ್ಫಾ ಎಂದು ಕೊಟ್ಟಿರುತ್ತಾರೆ. ಆದರೆ ಆಸ್ಪತ್ರೆ ನಿರ್ಧಾರ ತಗೊಳ್ಳೋದು ಎರಡರ ಅಂತರದ ಮೇಲೆ ಅಲ್ವಾ? ಎರಡೂ ಕಡೆ ವಿಶ್ವಾಸಾರ್ಹತೆ 0.85 ಇದ್ದು, ಎರಡರ ನಡುವೆ 0.6ರಷ್ಟು ಸಂಬಂಧ ಇದ್ದರೆ, ಅಂತರದ ವಿಶ್ವಾಸಾರ್ಹತೆ ಸುಮಾರು 0.63ಕ್ಕೆ ಕುಸಿಯುತ್ತದೆ. ಕಾರಣ ಕಷ್ಟದ್ದಲ್ಲ. ಎರಡು ಅಳತೆಯಲ್ಲಿ ಸಮಾನವಾಗಿದ್ದದ್ದು ಕಳೆಯುವಾಗ ಹೊರಟುಹೋಗುತ್ತದೆ. ಎರಡರಲ್ಲೂ ಇದ್ದ ತಪ್ಪು ಮಾತ್ರ ಹಾಗೇ ಉಳಿದು ಕೂಡಿಕೊಳ್ಳುತ್ತದೆ. ಹಾಲು ಸೋಸಿದಾಗ ಹಾಲು ಕೆಳಗೆ ಹೋಗಿ ಕಸ ಜಾಲರಿಯಲ್ಲಿ ನಿಂತ ಹಾಗೆ, ಇಲ್ಲಿ ನಾವು ಜಾಲರಿಯಲ್ಲಿ ನಿಂತದ್ದನ್ನು ತೂಗುತ್ತಿದ್ದೇವೆ.

ಅಂತರಕ್ಕೆ ಇನ್ನೂ ಒಂದು ಗುಣ ಇದೆ. 7ರಲ್ಲಿ 5 ಕಳೆದರೂ 2, 3ರಲ್ಲಿ 1 ಕಳೆದರೂ 2. ಮೊದಲನೆಯದು ಜೀವ ಉಳಿಸುವ ಕೆಲಸ, ನರ್ಸ್ ಅದನ್ನು ಚೆನ್ನಾಗೇ ಮಾಡುತ್ತಾಳೆ, ಇನ್ನಷ್ಟು ಚೆನ್ನಾಗಿ ಮಾಡಬೇಕು ಅನ್ನುತ್ತಾಳೆ. ಎರಡನೆಯದು ಅಷ್ಟೇನೂ ಮುಖ್ಯವಲ್ಲದ, ಅವಳಿಗೆ ಬಾರದ ಕೆಲಸ. ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ ನಿಲ್ಲುತ್ತವೆ.

ಎಲ್ಲಕ್ಕೂ ಏಳು

ಐಸಿಯು ನರ್ಸಿನ ಕೈಗೆ ಈ ಹಾಳೆ ಕೊಟ್ಟು, ರೋಗಿಯ ಸ್ಥಿತಿ ಅಂದಾಜು ಮಾಡುವುದು ಎಷ್ಟು ಮುಖ್ಯ ಎಂದು ಕೇಳಿದರೆ ಏನಂತಾಳೆ? ಏಳು. ತಂಡದಲ್ಲಿ ಕೆಲಸ ಮಾಡುವುದು? ಏಳು. ಉಪಕರಣ? ಏಳು. ಅಲ್ಲಿ ಯಾವುದನ್ನು ಮುಖ್ಯವಲ್ಲ ಅನ್ನೋದು? ಹೀಗೆ ಮೊದಲ ಕಾಲಂ ಪೂರ್ತಿ ಮೇಲ್ಛಾವಣಿಗೆ ತಾಗಿ ನಿಂತರೆ, ಅಂತರ ಅನ್ನೋದು ಹೆಸರಿಗಷ್ಟೇ. ಕೊನೆಗೆ ಅಳತೆಯಾಗುವುದು ನರ್ಸ್ ತನ್ನ ಬಗ್ಗೆ ತಾನೇ ಎಷ್ಟು ಕಡಿಮೆ ಅಂಕ ಕೊಟ್ಟುಕೊಂಡಳು ಅನ್ನೋದೊಂದೇ.

ಪ್ರಶ್ನೆಗಳ ಗುಂಪು ಕಟ್ಟುವ ಲೆಕ್ಕಕ್ಕೂ ಇದು ಏಟು ಕೊಡುತ್ತದೆ. ಮೂಲದಲ್ಲಿ ಐದು ಗುಂಪು ಸಿಕ್ಕಿತ್ತು: ಸಂಶೋಧನೆ ಮತ್ತು ಆಡಿಟ್, ಸಂವಹನ ಮತ್ತು ತಂಡದ ಕೆಲಸ, ರೋಗಿಯ ಆರೈಕೆ, ಆಡಳಿತ, ಮೇಲ್ವಿಚಾರಣೆ. ಯಾವ ಪ್ರಶ್ನೆಗಳ ಉತ್ತರ ಜೊತೆಜೊತೆಗೆ ಏರಿಳಿಯುತ್ತದೆ ಎಂದು ನೋಡಿ ಗುಂಪು ಮಾಡಿದ್ದು. ಎಲ್ಲರೂ ಏಳೇ ಬರೆದರೆ ಏರೋದೂ ಇಲ್ಲ, ಇಳಿಯೋದೂ ಇಲ್ಲ, ಗುಂಪು ಎಲ್ಲಿಂದ ಬರಬೇಕು? ಇರಾನಿನ ಐಸಿಯುನಲ್ಲಿ ಐದರ ಬದಲು ನಾಲ್ಕೋ ಆರೋ ಗುಂಪು ಬಂದರೆ ಅದು ಸೋಲೇನೂ ಅಲ್ಲ. ಅಲ್ಲಿ ಕೆಲಸದ ಹಂಚಿಕೆಯೇ ಬೇರೆ ಇರಬಹುದು. ತೊಂದರೆ ಆಗೋದು ಮೂಲದ ಐದೇ ಬರಬೇಕು ಎಂದು ಹಟ ಹಿಡಿದು ಪ್ರಶ್ನೆಗಳನ್ನು ಕಿತ್ತು ಜೋಡಿಸಿದಾಗ, ಅಥವಾ ಯಾವ ಉತ್ತರಗಳಿಂದ ಗುಂಪು ಕಂಡುಕೊಂಡರೋ ಅದೇ ಉತ್ತರಗಳ ಮೇಲೆ ಗುಂಪು ಸರಿ ಇದೆಯೇ ಎಂದು ಪರೀಕ್ಷೆ ಮಾಡಿದಾಗ. ತಾನೇ ಬರೆದ ಪ್ರಶ್ನೆಪತ್ರಿಕೆಗೆ ತಾನೇ ಉತ್ತರ ಬರೆದು ಮಾರ್ಕ್ಸ್ ಹಾಕಿಕೊಂಡ ಹಾಗೆ ಅದು.

ಹಾಗಾದರೆ ಏನು ಮಾಡಬೇಕು ಅನ್ನುವ ಜಗಳ

ಇಲ್ಲಿ ಅಭಿಪ್ರಾಯಗಳು ಬೇರೆಯಾಗುತ್ತವೆ. ಒಂದು ಬಣದ ಮಾತು: ಜಗತ್ತಿನಲ್ಲಿ ಬಳಕೆಯಾಗಿರುವ ಸಾಧನವನ್ನೇ ಅನುವಾದಿಸಿ. ಬೇರೆ ದೇಶಗಳ ಜೊತೆ ಹೋಲಿಸಬಹುದು, ಹೊಸದು ಕಟ್ಟುವ ವರ್ಷಗಳು ಉಳಿಯುತ್ತವೆ. ಇದರಲ್ಲಿ ಹುರುಳಿದೆ. ಆದರೆ ಗುಂಪುಗಳೇ ಹೊಂದದಿದ್ದರೆ, ಪದದ ಅರ್ಥವೇ ಬೇರೆಯಾದರೆ, ಇಂಡೊನೇಷ್ಯಾದ 3ಕ್ಕೂ ಇರಾನಿನ 3ಕ್ಕೂ ಹೋಲಿಕೆ ಎಲ್ಲಿಂದ ಬಂತು?

ಇನ್ನೊಂದು ಬಣ ಹೇಳೋದು ಮೊದಲಿಂದಲೇ ಕಟ್ಟಿ ಅಂತ. ಐಸಿಯು ನರ್ಸುಗಳನ್ನು ಮಾತಾಡಿಸಿ, ಅವರ ಕೆಲಸ ನೋಡಿ, ಅವರದೇ ಮಾತಿನಲ್ಲಿ ಪ್ರಶ್ನೆ ಬರೆಯಿರಿ. ಕೊರೊನಾ ಕಾಲ ಈ ವಾದಕ್ಕೆ ಬಲ ಕೊಟ್ಟಿತು. 2020ರ ಫೆಬ್ರವರಿಯಲ್ಲಿ ಕುಮ್ ನಗರದಿಂದ ಮೊದಲ ಪ್ರಕರಣಗಳ ಸುದ್ದಿ ಬಂದ ಮೇಲೆ ಬೇರೆ ವಾರ್ಡಿನ ನರ್ಸುಗಳು ಐಸಿಯು ಕೆಲಸಕ್ಕೆ ನಿಲ್ಲಬೇಕಾಯಿತು. ಅವರಿಗೆ ಬೇಕಿದ್ದ ತರಬೇತಿ ಪ್ರಾಥಮಿಕ ಆರೋಗ್ಯದ ಹಳೆಯ ಪಟ್ಟಿಯಲ್ಲಿ ಸಿಗುವಂಥದ್ದಲ್ಲ. ಆದರೆ ಮನೆಯಲ್ಲೇ ಕಟ್ಟಿದ ಸಾಧನಕ್ಕೂ ಒಂದು ಕಾಯಿಲೆ ಇದೆ. ಊರಿಗೊಂದು ಪ್ರಶ್ನಾವಳಿ ಹುಟ್ಟುತ್ತದೆ, ಒಂದೇ ಸಲ ಬಳಕೆಯಾಗಿ ಕಪಾಟು ಸೇರುತ್ತದೆ.

ಮೂರನೆಯವರು ಪ್ರಶ್ನಾವಳಿಯನ್ನೇ ಒಪ್ಪುವುದಿಲ್ಲ. ತನಗೆ ಏನು ಬರುವುದಿಲ್ಲ ಅನ್ನೋದು ಬಾರದವನಿಗೆ ಗೊತ್ತಾಗುತ್ತದೆಯೇ ಅನ್ನುತ್ತಾರೆ. ಹೊಸಬಳು ತನಗೆ 6 ಕೊಟ್ಟುಕೊಳ್ಳಬಹುದು, ಹದಿನೈದು ವರ್ಷ ಕಂಡವಳು 4 ಕೊಟ್ಟುಕೊಳ್ಳಬಹುದು, ಯಾಕೆಂದರೆ ಎಷ್ಟು ಕಡೆ ಎಡವಬಹುದು ಎಂದು ಅವಳಿಗೆ ಗೊತ್ತು. ಇರಾನಿನಲ್ಲಿ 'ತಆರೊಫ್' ಎಂಬ ಸಂಕೋಚದ ಶಿಷ್ಟಾಚಾರ ಬೇರೆ ಇದೆ, ತನ್ನನ್ನು ತಾನು ಹೊಗಳಿಕೊಳ್ಳುವುದು ಸಭ್ಯತೆಯಲ್ಲ. ಹಾಗಾಗಿ ಇವರು ಹೇಳೋದು: ಸೋಂಕಿನ ಲೆಕ್ಕ ನೋಡಿ, ಔಷಧಿ ತಪ್ಪಿದ ದಾಖಲೆ ನೋಡಿ, ಹಾಸಿಗೆ ಪಕ್ಕ ನಿಂತು ಕೆಲಸ ನೋಡಿ. ನನ್ನ ಪ್ರಕಾರ ಇವರದೇ ಹೆಚ್ಚು ಗಟ್ಟಿ ವಾದ. ಆದರೆ ನಿಂತು ನೋಡೋಕೆ ಜನ ಬೇಕು, ದಾಖಲೆ ನಂಬೋಕೆ ತಪ್ಪು ಬರೆದವರಿಗೆ ಶಿಕ್ಷೆ ಆಗಬಾರದು. ಎರಡೂ ಇಲ್ಲದ ಕಡೆ ಪ್ರಶ್ನಾವಳಿಯೇ ಅಗ್ಗ.

ಹಾಳೆ ಕೊಡುವವರು ಯಾರು?

ಇದು ತಾಂತ್ರಿಕ ಚರ್ಚೆಯಲ್ಲಿ ಬಾರದ ಪ್ರಶ್ನೆ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು. ಇರಾನಿನಲ್ಲಿ 1985ರಿಂದ ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣ ಎರಡೂ ಒಂದೇ ಸಚಿವಾಲಯದ ಕೆಳಗಿವೆ. ಪ್ರಾಂತ್ಯದ ವೈದ್ಯಕೀಯ ವಿಜ್ಞಾನ ವಿಶ್ವವಿದ್ಯಾಲಯವೇ ಪಾಠವನ್ನೂ ಹೇಳುತ್ತದೆ, ಸರ್ಕಾರಿ ಆಸ್ಪತ್ರೆಗಳನ್ನೂ ನಡೆಸುತ್ತದೆ. ಇದರಿಂದ ಅನುಕೂಲವೂ ಇದೆ, ಸಂಶೋಧನೆ ಮಾಡಿದವರು ಅದನ್ನು ವಾರ್ಡಿಗೆ ತರೋದು ಸುಲಭ. ಆದರೆ ಪ್ರಶ್ನಾವಳಿ ಮಾಡುವವರು, ತರಬೇತಿ ಕೊಡುವವರು, ಸಂಬಳ ಕೊಡುವವರು ಎಲ್ಲಾ ಒಂದೇ ಮನೆಯವರಾದಾಗ, ಹೆಸರು ಬರೆಯಬೇಡಿ ಎಂದರೂ ನರ್ಸ್ ಎಷ್ಟು ಬಿಚ್ಚಿ ಹೇಳುತ್ತಾಳೆ? ವೆಂಟಿಲೇಟರ್ ಬಳಸೋಕೆ ನನಗೆ ಅಷ್ಟಾಗಿ ಬರೋದಿಲ್ಲ ಎಂದು ಬರೆದ ಹಾಳೆ ನಾಳೆ ಯಾರ ಮೇಜಿನ ಮೇಲಿರುತ್ತದೆ? ಹಾಳೆ ಹಂಚಿದ್ದು, ವಾಪಸ್ ತಗೊಂಡದ್ದು ಅದೇ ವಾರ್ಡಿನ ಮೇಲಿನವರೇ ಆಗಿದ್ದರೆ, ಯಾವ ಆಲ್ಫಾ ಕೂಡ ಆ ಅಂಜಿಕೆಯನ್ನು ತೋರಿಸುವುದಿಲ್ಲ. ಎಲ್ಲರೂ ಒಂದೇ ಥರ ಅಂಜಿದರೆ ಆಲ್ಫಾ ಇನ್ನೂ ಚೆನ್ನಾಗಿ ಬರಬಹುದು!

ಪರ್ಷಿಯನ್ ಅಂದರೆ ಯಾವ ಪರ್ಷಿಯನ್?

ಪರ್ಷಿಯನ್ ಆವೃತ್ತಿ ಸಿದ್ಧ ಅಂದ ತಕ್ಷಣ ಕಾಬೂಲಿಗೂ ಆಯಿತು ಅಂದುಕೊಳ್ಳಬಾರದು. ಇರಾನಿನಲ್ಲಿ ಆಸ್ಪತ್ರೆಗೆ 'ಬೀಮಾರಿಸ್ತಾನ್', ಅಫ್ಘಾನಿಸ್ತಾನದ ಪರ್ಷಿಯನ್ ಆದ ದರಿಯಲ್ಲಿ 'ಶಫಾಖಾನಾ'. ತಜಿಕಿಸ್ತಾನದಲ್ಲಿ ಇದೇ ಭಾಷೆಯ ಇನ್ನೊಂದು ರೂಪ, ಲಿಪಿ ರಷ್ಯನ್ ಬಗೆಯದು. ಇರಾನಿನೊಳಗೇ ತಬ್ರೀಜಿನ ನರ್ಸಿನ ಮನೆಮಾತು ಅಜೆರಿ ತುರ್ಕಿ ಇರಬಹುದು, ಸನಂದಜದವಳದು ಕುರ್ದಿಶ್. ಓದಿದ್ದು ಪರ್ಷಿಯನ್ನಿನಲ್ಲಾದರೂ ರೋಗಿಯ ಜೊತೆ ಮಾತು ಬೇರೆ ಭಾಷೆಯಲ್ಲಿ. ಟೆಹರಾನಿನ ನರ್ಸುಗಳ ಮೇಲೆ ಮಾಡಿದ ಪರೀಕ್ಷೆ ಅಲ್ಲಿಗೂ ಸಲ್ಲುತ್ತದೆಯೇ ಎಂದು ಮತ್ತೆ ನೋಡಬೇಕು. ಸಿಂಧುತ್ವ ಅನ್ನೋದು ಹಾಳೆಗೆ ಅಂಟಿಕೊಂಡ ಗುಣ ಆಗಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ. ಇವರ ಮೇಲೆ, ಇಂಥ ಉದ್ದೇಶಕ್ಕೆ ಬಳಸಿದರೆ ಸಲ್ಲುತ್ತದೆ ಎಂದು ಹೇಳೋಕೆ ಮಾತ್ರ ಆಗುತ್ತದೆ.

ನಮ್ಮಲ್ಲೂ ಇದೇ ಕಥೆ. ನರ್ಸಿಂಗ್ ಪ್ರಬಂಧಕ್ಕೆ ಎಂದು ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು, ಒಬ್ಬ ಭಾಷಾ ಅಧ್ಯಾಪಕರ ಸಹಿ ಹಾಕಿಸಿಕೊಂಡರೆ ಕೆಲಸ ಮುಗೀತು ಅಂದುಕೊಳ್ಳುವವರು ಇದ್ದಾರೆ. ಆ ಹಾಳೆಯಲ್ಲಿ 'ಹುಷಾರಿದ್ದೀರಾ' ಎಂದಿದ್ದರೆ ಬೀದರಿನವರು ಒಂದು ಓದುತ್ತಾರೆ, ಚಾಮರಾಜನಗರದವರು ಇನ್ನೊಂದು.

ಕೈಬಿಡುವ ಎರಡು ಕಾಲಂ

ಇಷ್ಟೆಲ್ಲ ದಾಟಿ ಪ್ರಶ್ನಾವಳಿ ಆಸ್ಪತ್ರೆಗೆ ಬಂತು ಅಂದುಕೊಳ್ಳಿ. ಮುಂದೇನು? ಅಂತರ ಜಾಸ್ತಿ ಇರುವ ಐದಾರು ಕೆಲಸಗಳಿಗೆ ಕಾರ್ಯಾಗಾರ. ಬಜೆಟ್ ಅಲ್ಲಿಗೆ. ಹಾಜರಿ ಹಾಕಿ, ತರಬೇತಿ ಗಂಟೆ ಬರೆದುಕೊಂಡು, ಸರ್ಟಿಫಿಕೇಟ್ ಕೊಟ್ಟರೆ ಕಾಗದದ ಮೇಲೆ ಅಗತ್ಯ ಪೂರೈಸಿತು.

ಆದರೆ ನರ್ಸ್ ತನಗೆ 3 ಕೊಟ್ಟುಕೊಂಡದ್ದು ಯಾಕೆ? ರೋಗಿಯನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು ಎಂದು ಅವಳಿಗೆ ಗೊತ್ತಿಲ್ಲವೇ? ಗೊತ್ತು. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ನರ್ಸ್ ಇರಬೇಕಾದ ಕಡೆ ಒಬ್ಬಳೇ ಮೂವರನ್ನು ನೋಡುತ್ತಿದ್ದರೆ ಹೊರಳಿಸುವುದು ತಪ್ಪುತ್ತದೆ. ಅವಳು ಪ್ರಾಮಾಣಿಕವಾಗಿ 'ನಾನು ಇದನ್ನು ಸರಿಯಾಗಿ ಮಾಡುತ್ತಿಲ್ಲ' ಎಂದು ಬರೆದರೆ, ಲೆಕ್ಕ ಅದನ್ನು 'ಇವಳಿಗೆ ಕಲಿಸಬೇಕು' ಎಂದು ಓದುತ್ತದೆ. ಕೈ ಸಾಲದ ಸಮಸ್ಯೆ ತಲೆಯ ಸಮಸ್ಯೆಯಾಗಿ ಬದಲಾಯಿತು. ತರಬೇತಿಗೆ ಅವಳ ರಜಾದಿನ ಹೋಯಿತು. ಆ ದಿನ ವಾರ್ಡಿನಲ್ಲಿ ಇನ್ನೊಂದು ಕೈ ಕಡಿಮೆ.

ಇದು ಊಹೆಯ ಮಾತಲ್ಲ. 2024ರ ಆಗಸ್ಟಿನಲ್ಲಿ ಇರಾನಿನ ಹತ್ತಾರು ಊರುಗಳಲ್ಲಿ ನರ್ಸುಗಳು ಬೀದಿಗಿಳಿದರು, ಕೆಲವು ಕಡೆ ಕೆಲಸ ನಿಲ್ಲಿಸಿದರು. ಅವರ ದೂರು ಕಡಿಮೆ ಸಂಬಳ, ಬಾಕಿ ಉಳಿದ ಹಣ, ಬೇಡ ಎಂದರೂ ಮಾಡಿಸುವ ಓವರ್‌ಟೈಮ್. ನರ್ಸಿಂಗ್ ಸೇವೆಗೆ ದರ ಕಟ್ಟುವ ಕಾನೂನು 2007ರಲ್ಲೇ ಪಾಸಾಗಿತ್ತು, ಜಾರಿಯಾಗೋಕೆ ವರ್ಷಗಟ್ಟಲೆ ಹಿಡಿಯಿತು. ಇದರ ಜೊತೆಗೆ ದೇಶ ಬಿಟ್ಟು ಹೋಗುವ ನರ್ಸುಗಳ ಸಾಲು. ಅನುಭವಿಗಳು ಹೋದ ಜಾಗಕ್ಕೆ ಹೊಸಬರು ಬಂದರೆ ತರಬೇತಿ ನಿಜಕ್ಕೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕಲಿಸುವ ಹಿರಿಯರೇ ಹೊರಟುಹೋಗಿರುವುದರಿಂದ ಕಲಿಸೋದು ಯಾರು ಎಂಬುದು ಅದಕ್ಕೆ ಅಂಟಿದ ಪ್ರಶ್ನೆ.

ತಮಾಷೆ ಏನಂದರೆ ಹೆನೆಸಿ ಮತ್ತು ಹಿಕ್ಸ್ ಇದನ್ನು ಮೊದಲೇ ಯೋಚಿಸಿದ್ದರು. ಅವರ ಸಾಧನದಲ್ಲಿ ಮುಖ್ಯತೆ, ಸಾಮರ್ಥ್ಯ ಎರಡೇ ಅಲ್ಲದೆ ಇನ್ನೆರಡು ಕಾಲಂಗಳಿಗೂ ಜಾಗ ಇದೆ. ಈ ಕೆಲಸ ಸುಧಾರಿಸೋದು ತರಬೇತಿಯಿಂದಲೇ? ಅಥವಾ ಕೆಲಸದ ವ್ಯವಸ್ಥೆ ಬದಲಾಯಿಸುವುದರಿಂದಲೇ? ಎರಡಕ್ಕೂ ಬೇರೆ ಬೇರೆ ಅಂಕ. ಕೈ ಸಾಲದ್ದು ಯಾವುದು, ಕಲಿಕೆ ಸಾಲದ್ದು ಯಾವುದು ಎಂದು ಬೇರೆ ಮಾಡುವ ಜಾಗ ಅದು. ಆದರೆ 30 ಸಾಲಿಗೆ ನಾಲ್ಕು ಕಾಲಂ ಅಂದರೆ 120 ಅಂಕಿ ಸುತ್ತಬೇಕು. ಪಾಳಿ ಮುಗಿಸಿ ಸುಸ್ತಾದವರು ಅಷ್ಟು ತುಂಬೋದಿಲ್ಲ. ಹಾಗಾಗಿ ಸುಮ್ನೆ ಎರಡು ಸಾಕು ಎಂದು ಕೊನೆಯ ಎರಡನ್ನು ಬಿಡುವುದು ಸುಲಭದ ದಾರಿ, ಸಾಧನವೂ ಅದಕ್ಕೆ ಅವಕಾಶ ಕೊಡುತ್ತದೆ.

ಮೂಲ ಪಟ್ಟಿಯಲ್ಲಿ ಒಂದು ಸಾಲು ಇದೆ: ಇರುವ ಅಲ್ಪ ಸಂಪನ್ಮೂಲದಲ್ಲೇ ಕೆಲಸ ನಿಭಾಯಿಸುವುದು. ಹೊರದೇಶಗಳು ಹೇರಿದ ಆರ್ಥಿಕ ನಿರ್ಬಂಧಗಳ ಕಾರಣಕ್ಕೆ ಔಷಧಿ, ಬಿಡಿಭಾಗಗಳಿಗೆ ಪರದಾಡುವ ದೇಶದ ಐಸಿಯುನಲ್ಲಿ ಒಬ್ಬ ನರ್ಸ್ ಅದಕ್ಕೆ ಮುಖ್ಯತೆ 7, ಸಾಮರ್ಥ್ಯ 2 ಎಂದು ಬರೆದಳು ಅಂದುಕೊಳ್ಳಿ. ಅಂತರ 5, ಪಟ್ಟಿಯಲ್ಲಿ ಮೊದಲ ಸ್ಥಾನ. ಎರಡೇ ಕಾಲಂ ಇರುವ ಹಾಳೆ ಅವಳನ್ನು ಕೊರತೆ ನಿಭಾಯಿಸುವ ಕಾರ್ಯಾಗಾರಕ್ಕೆ ಕಳಿಸುತ್ತದೆ. ನಾಲ್ಕು ಕಾಲಂ ಇರುವ ಹಾಳೆಯಲ್ಲಾದರೆ ಪಕ್ಕದ ಅಂಕಿ ನೋಡಿ, ಉಗ್ರಾಣಕ್ಕೆ ಫೋನ್ ಮಾಡಬೇಕಾದವರು ಯಾರು ಅಂತ ಗೊತ್ತಾಗುತ್ತದೆ.